ಒಂದೂವರೆ ಸುತ್ತು

ಆಗುವ ಮಾತಲ್ಲ ಎಂದು ಹೇಳಿದವಳು ನನ್ನ ಸೋದರತ್ತೆ. ಒಮ್ಮೆಯಲ್ಲ, ನಾನು ಪಿಯುಸಿ ಪಾಸಾದ ದಿನದಿಂದ ಬಿಎಸ್ಸಿಯ ಕೊನೇ ವರ್ಷಕ್ಕೆ ಬರುವವರೆಗೂ ಸಿಕ್ಕಿದವರಿಗೆಲ್ಲ ಹೇಳಿದಳು. ಹಾಲು ಹಾಕುವವನಿಗೆ ಹೇಳಿದಳು, ಸೊಪ್ಪಿನವಳಿಗೆ ಹೇಳಿದಳು, ಬೀದಿ ಕೊನೆಯ ಬೇಕರಿಯಲ್ಲಿ ಬನ್ನು ಕಟ್ಟಿಕೊಡುವವನಿಗೂ ಹೇಳಿದಳು. "ನಮ್ಮೋರಲ್ಲಿ ಹೆಬ್ಬೆಟ್ಟು ಒತ್ತದೆ ಸೈನು ಹಾಕೋನು ಅಂದ್ರೆ ನಮ್ಮಣ್ಣ ಒಬ್ನೇ. ಇವಳು ಬೀಯೆಸ್ಸಿ ಮಾಡ್ತಾಳಂತೆ. ಆಗೋ ಮಾತಾ ಅದು? ಓದ್ಲಿ ಬುಡು, ಬೇಜಾರಾದಾಗ ಅವಳೇ ನಿಲ್ಲಿಸ್ತಾಳೆ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಇವತ್ತು ಮಳೆ ಬರುವ ಹಾಗಿಲ್ಲ ಎಂದು ಆಕಾಶ ನೋಡಿ ಹೇಳುತ್ತಾರಲ್ಲ, ಆ ಧಾಟಿ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು.

ನಾವು ಇದ್ದದ್ದು ಈಗ ಸರ್ವಜ್ಞನಗರ ಅನ್ನುವ ಕಾಕ್ಸ್ ಟೌನಿನಲ್ಲಿ, ಒಂದು ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ. ಅಪ್ಪ ಆ ಬಂಗಲೆಯ ಮಾಲಿ. ಅವ್ವ ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಹೋದಳು. ಗಂಡನನ್ನು ಕಳೆದುಕೊಂಡಿದ್ದ ಅತ್ತೆ ಒಂದು ಟ್ರಂಕು, ಒಂದು ಒರಳುಕಲ್ಲು ಹೊತ್ತುಕೊಂಡು ಕೆ.ಆರ್. ಪುರದ ಆಚೆಯ ನಮ್ಮ ಹಳ್ಳಿಯಿಂದ ಬಂದಳು, ನನ್ನ ಜಡೆ ಹೆಣೆದು ದೊಡ್ಡವಳನ್ನಾಗಿ ಮಾಡಿದಳು. ಮನೆಗೆ ಬಾಡಿಗೆ ಇರಲಿಲ್ಲ. ಅಪ್ಪ ತೋಟ ನೋಡಿಕೊಳ್ಳುವವರೆಗೆ ಮನೆ ನಮ್ಮದು, ಅಷ್ಟೇ ಕರಾರು. ಅದೂ ಬಾಯಿಮಾತಿನದು.

ತೋಟ ಅಂದರೆ ಮುಖ್ಯವಾಗಿ ಲಾನು. ಬಂಗಲೆಯ ಅಮ್ಮಾವ್ರಿಗೆ ಗುಲಾಬಿ ಒಣಗಿದರೂ ಚಿಂತೆಯಿರಲಿಲ್ಲ, ಲಾನು ಮಾತ್ರ ಚಾಪೆ ಹಾಸಿದ ಹಾಗಿರಬೇಕು. ಅಪ್ಪ ವರ್ಷಾನುಗಟ್ಟಲೆ ತಳ್ಳುವ ಕಬ್ಬಿಣದ ಮಿಷನ್ನಿನಿಂದಲೇ ಅದನ್ನು ಕತ್ತರಿಸಿದ. ನಾನು ಕೊನೇ ವರ್ಷಕ್ಕೆ ಬಂದಾಗ ಅವನಿಗೆ ಹರ್ನಿಯಾ ಆಪರೇಷನ್ ಆಯಿತು. ಭಾರ ಎಳೆಯಬೇಡ, ತಳ್ಳಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಮಾಲಿಗೆ ಹಾಗೆ ಹೇಳಿದರೆ ಇನ್ನು ಉಳಿಯುವುದೇನು?

ಉಳಿದಿತ್ತು ಒಂದು. ಅಮ್ಮಾವ್ರ ಗಂಡ ವಿಮಾನಪುರದ ಕಾರ್ಖಾನೆಯಲ್ಲಿ ಆಫೀಸರಾಗಿದ್ದವರು. ತೀರಿಕೊಳ್ಳುವ ಮೊದಲು ಯಾರಿಂದಲೋ ಒಂದು ಪೆಟ್ರೋಲ್ ಮಿಷನ್ನು ಕೊಂಡು ತಂದು ನಾಲ್ಕಾರು ಸಲ ತಾವೇ ಓಡಿಸಿದ್ದರು. ಹಸಿರು ಬಣ್ಣ, ಹಿಂದೆ ಎರಡು ಹಿಡಿ, ಮೇಲೆ ಸಣ್ಣ ಪೆಟ್ರೋಲ್ ಟ್ಯಾಂಕು, ಅದರ ಕೆಳಗೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ, ನನ್ನ ಮುಷ್ಟಿಯಷ್ಟು ದೊಡ್ಡ ಕಾರ್ಬೊರೇಟರು. ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಅದನ್ನು ಅಪ್ಪ ಹೊರಗೆ ತೆಗೆದ. ಸ್ಟಾರ್ಟ್ ಮಾಡಲು ಹಗ್ಗ ಸುತ್ತಿ ಜಗ್ಗಬೇಕು, ಆ ಜಗ್ಗಾಟ ಅಪ್ಪನ ಹೊಲಿಗೆಗೆ ಆಗದು. ಹಾಗಾಗಿ ಸೀರೆ ಎತ್ತಿ ಸಿಕ್ಕಿಸಿ, ಕಾಲೇಜಿಗೆ ಹೋಗುವ ಮೊದಲು, ನಾನೇ ಜಗ್ಗುತ್ತಿದ್ದೆ. ಒಂದು ಸಲ ಹೊತ್ತಿಕೊಂಡರೆ ಅದು ತಾನೇ ನಡೆಯುತ್ತಿತ್ತು. ಅಪ್ಪ ಹಿಂದೆ ಹಿಡಿ ಹಿಡಿದು ಹೋಗುತ್ತಿದ್ದ, ತಿರುವಿನಲ್ಲಿ ನಾನು ಕೈ ಜೋಡಿಸುತ್ತಿದ್ದೆ. ಚರ್ಚಿಗೆ ಹೋಗುವವರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ಹೆಣ್ಣುಮಗಳು ಮಿಷನ್ನು ಹೊಡೆಯುತ್ತಾಳೆ ಎಂದು ಅತ್ತೆಗೆ ನಾಚಿಕೆ. ನನಗೆ ಪೆಟ್ರೋಲಿನ ವಾಸನೆಯೂ ಹಸಿ ಹುಲ್ಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದರೆ ಏನೋ ಖುಷಿ. ಇವತ್ತಿಗೂ ಹೌದು. ಯಾವುದೋ ಪಾರ್ಕಿನ ಪಕ್ಕ ಆ ವಾಸನೆ ಬಂದರೆ ಕಾಲು ನಿಂತುಬಿಡುತ್ತದೆ.

ಆ ವರ್ಷದ ಆಯುಧಪೂಜೆಗೆ ಅತ್ತೆ ರಸೆಲ್ ಮಾರುಕಟ್ಟೆಯಿಂದ ಸೇವಂತಿಗೆ ತಂದಳು. ಕುಡುಗೋಲು, ಕತ್ತರಿ, ಗುದ್ದಲಿ, ಅಪ್ಪನ ಸೈಕಲ್ಲು ಎಲ್ಲಾ ತೊಳೆದು ಸಾಲಾಗಿ ಇಟ್ಟಳು. ಮಿಷನ್ನಿನ ಮುಂದೆ ಬಂದವಳು ಗಂಧದ ಬಟ್ಟಲು ಹಿಡಿದು ಸುತ್ತ ಒಂದು ಸಲ ನಡೆದಳು.

"ಇದ್ರ ಹಣೆ ಎಲ್ಲೈತೋ, ಅಣ್ಣ?"

"ಎಲ್ಲಾದ್ರೂ ಇಡು, ಅದಕ್ಕೇನು ಗೊತ್ತಾಯ್ತದೆ," ಎಂದ ಅಪ್ಪ.

"ಎಲ್ಲಾದ್ರೂ ಇಡೋಕಾಯ್ತದಾ? ಮನೆ ಉಳ್ಸಿರೋ ಮಿಷನ್ನಿದು."

ಎಲ್ಲಕ್ಕಿಂತ ಮೇಲೆ ಗುಂಡಗೆ ಹೊಳೆಯುತ್ತಿದ್ದ ಟ್ಯಾಂಕಿನ ಮುಚ್ಚಳವೇ ಅದರ ಹಣೆ ಎಂದು ತೀರ್ಮಾನಿಸಿದಳು. ಮೂರು ಬೆರಳು ಅದ್ದಿ ದಪ್ಪಗೆ ಗಂಧ ಬಳಿದು, ಅದರ ಮೇಲೆ ಕುಂಕುಮ ಒತ್ತಿ, ಒಂದು ಸೇವಂತಿಗೆ ಎಸಳನ್ನೂ ಅಂಟಿಸಿದಳು. ಪಕ್ಕದಲ್ಲಿ ನಾನು ಸರಸ್ವತಿ ಪೂಜೆಗೆಂದು ಪುಸ್ತಕಗಳನ್ನು ಜೋಡಿಸಿಟ್ಟಿದ್ದೆ. ಅವುಗಳ ಮೇಲೆ ಒಂದು ಹೂವು ಹಾಕಿ ಮುಂದೆ ಹೋದಳು. ಗಂಧ ಇಡಲಿಲ್ಲ. ನಾನು ನೋಡಿಕೊಂಡೆ.

ಮುಂದಿನ ವಾರ ಹುಲ್ಲು ಕತ್ತರಿಸಲು ಹೋದಾಗ ಮಿಷನ್ನು ಮೊದಲ ಜಗ್ಗಿಗೇ ಹೊತ್ತಿಕೊಂಡಿತು. ಲಾನಿನ ಅರ್ಧ ದಾಟುವಷ್ಟರಲ್ಲಿ ಕೆಮ್ಮಿತು, ಗೊರಗೊರ ಅಂದಿತು, ನಿಂತಿತು. ಹತ್ತು ಸಲ ಜಗ್ಗಿದರೂ ಮಾತಿಲ್ಲ. ಸುಸ್ತಾಗಿ ಕಾಫಿ ಕುಡಿದು ಬಂದು ಜಗ್ಗಿದರೆ ಏನೂ ಆಗದ ಹಾಗೆ ಶುರುವಾಯಿತು. ಐದೇ ನಿಮಿಷ, ಮತ್ತೆ ಕೆಮ್ಮು.

"ಕಾರ್ಬೊರೇಟರು ಕೈ ಕೊಟ್ಟೈತೆ," ಎಂದ ಅಪ್ಪ. ಅದರ ಮೈಮೇಲೆ ಎರಡು ಸ್ಕ್ರೂ. ಕೆಳಗಿನದು ಎಷ್ಟು ಪೆಟ್ರೋಲ್ ಒಳಗೆ ಹೋಗಬೇಕು ಅನ್ನುವುದನ್ನು ನೋಡಿಕೊಳ್ಳುತ್ತದೆ. ಪಕ್ಕದ್ದು ಕೆಲಸವಿಲ್ಲದಾಗ ಇಂಜಿನ್ನು ಎಷ್ಟು ಮೆಲ್ಲಗೆ ಓಡಬೇಕು ಅನ್ನುವುದನ್ನು. ಅಪ್ಪ ಒಂದನ್ನು ಕಾಲು ಸುತ್ತು ತಿರುಗಿಸಿದ. ಆಗಲಿಲ್ಲ. ಇನ್ನೊಂದನ್ನು ತಿರುಗಿಸಿದ. ಆಗಲಿಲ್ಲ. ಕಾಲೇಜಿನಿಂದ ಬಂದು ನಾನು ತಿರುಗಿಸಿದೆ. ಮೊದಲು ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಮೂರನೇ ದಿನದ ಹೊತ್ತಿಗೆ ಅದು ಐದು ನಿಮಿಷವೂ ನೆಟ್ಟಗೆ ಓಡುವುದನ್ನು ಬಿಟ್ಟು ಕಪ್ಪು ಹೊಗೆ ಬಿಡತೊಡಗಿತು.

ಆಗಲೇ ಅಮ್ಮಾವ್ರು ವರಾಂಡದಿಂದ ಕರೆದರು. ಅವರ ತಂಗಿಯ ಮಗಳ ಮದುವೆ ರಿಸೆಪ್ಷನ್ನು ಬರುವ ಭಾನುವಾರ, ನಮ್ಮ ಲಾನಿನಲ್ಲೇ.

"ಏನಪ್ಪಾ ಇದು? ಸಂಡೇ ನೂರು ಜನ ಬರ್ತಾರೆ. ಈ ಗ್ರಾಸಲ್ಲಿ ಪಾಂಬು ಬಂದು ಯಾರ ಕಾಲಿಗಾದ್ರೂ ಸುತ್ಕೊಂಡ್ರೆ?" ಹಾವು ಅನ್ನುವಾಗ ಅವರಿಗೆ ತಮಿಳೇ ಬರುತ್ತಿತ್ತು.

"ಮಿಷನ್ನು ಸ್ವಲ್ಪ ತೊಂದ್ರೆ ಕೊಡ್ತಾ ಐತೆ ಅಮ್ಮಾವ್ರೆ."

"ಇಂದಿರಾನಗರದಲ್ಲಿ ಒಬ್ಬ ಕಂಟ್ರಾಕ್ಟರ್ ಇದಾನೆ. ಅವನ್ದೇ ಮೆಷಿನ್, ಅವನ್ದೇ ಆಳು. ವರ್ಷಪೂರ್ತಿ ನೋಡ್ಕೋತೀನಿ ಅಂತಾನೆ. ಆದ್ರೆ ಅವನ ವಾಚ್‌ಮನ್ ಫ್ಯಾಮಿಲಿಗೆ ಔಟ್‌ಹೌಸ್ ಬೇಕಂತೆ." ಲಾನಿನ ಕಡೆ ನೋಡುತ್ತಾ, "ನಂಗೂ ಇಷ್ಟ ಇಲ್ಲ. ಶನಿವಾರದವರ್ಗೂ ಕಾಯ್ತೀನಿ. ಆಮೇಲೆ ನನ್ನ ಕೇಳ್ಬೇಡ," ಎಂದರು.

ಮನೆ ಹೋದರೆ ಹಳ್ಳಿಗೆ ವಾಪಸ್ಸು ಹೋಗಬೇಕು. ಹಳ್ಳಿಯಿಂದ ಬಸ್ಸು ಹಿಡಿದರೆ ನನ್ನ ಎಂಟು ಗಂಟೆಯ ಪ್ರಾಕ್ಟಿಕಲ್ಲಿಗೆ ಹತ್ತು ಗಂಟೆಗೆ ತಲುಪುತ್ತಿದ್ದೆ. ಪ್ರಾಕ್ಟಿಕಲ್ ತಪ್ಪಿದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಹಳ್ಳಿಯಲ್ಲಿ ಅತ್ತೆಯ ಗಂಡನ ಕಡೆಯ ಒಬ್ಬ ಹುಡುಗನೂ ಇದ್ದ, ರಾಗಿ ಮಿಲ್ಲು ಇಟ್ಟುಕೊಂಡವನು. ಎರಡು ವರ್ಷದಿಂದ ಅವನ ಮಾತು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬಂದು ಕೂರುತ್ತಿತ್ತು. ಆ ರಾತ್ರಿ ಅತ್ತೆ ಮುದ್ದೆ ಮುರಿಯುತ್ತಾ, "ಊರಿಗೆ ಹೋಗೋದೇ ಆದ್ರೆ ದೀಪಾವಳಿ ಕಳೀತಿದ್ದಂಗೆ ಮಾತಾಡ್ಬುಡಾಣ," ಎಂದಳು. ಅಪ್ಪ ಸಾರಿನ ಬಟ್ಟಲನ್ನೇ ನೋಡುತ್ತಿದ್ದ. ನಾನು ಎದ್ದು ಕೈ ತೊಳೆದೆ.

ಗುರುವಾರ ಬೆಳಿಗ್ಗೆ ಕಾರ್ಬೊರೇಟರನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ. ಮಧ್ಯಾಹ್ನ ಡಬ್ಬಿ ಇಟ್ಟ ಬೆಂಚಿನ ಸುತ್ತ ಹುಡುಗಿಯರು ಮೂಗು ಮುಚ್ಚಿಕೊಂಡರು.

"ಏನೇ ಇದು, ನಿಮ್ಮನೇಲಿ ಇವತ್ತು ಪೆಟ್ರೋಲ್ ಪಲ್ಯಾನಾ?"

"ಹೂಂ. ರುಚಿ ನೋಡ್ತೀಯಾ?" ಎಂದೆ. ನಗುವಷ್ಟು ಧೈರ್ಯ ಇರಲಿಲ್ಲ ನನಗೆ, ಆದರೂ ನಕ್ಕೆ.

ಸಂಜೆ ಶಿವಾಜಿನಗರದ ಒಂದು ಗಲ್ಲಿಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಸಾಬರ ಹತ್ತಿರ ಹೋದೆ. ಬಂಗಲೆಯ ಯಜಮಾನರು ಇದ್ದಾಗ ಅವರ ಸ್ಕೂಟರು ನೋಡುತ್ತಿದ್ದವರು, ಅಪ್ಪನಿಗೆ ಪರಿಚಯ. ಡಬ್ಬಿಯ ಮುಚ್ಚಳ ತೆಗೆದಾಗ ಒಂದು ಗಳಿಗೆ ನನ್ನ ಮುಖ ನೋಡಿದರು.

"ಕ್ಯಾ ಬೇಟಿ, ಊಟ ತಂದಿದೀಯಾ ಅನ್ಕೊಂಡೆ."

ಅದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಂದೊಂದು ತೂತಿಗೂ ಬಾಯಿಟ್ಟು ಊದಿದರು. ಬೆಳಕಿಗೆ ಹಿಡಿದು ನೋಡಿದರು. "ಇದಕ್ಕೇನೂ ಆಗಿಲ್ಲ. ನೀವೇ ತಿರುಗ್ಸಿ ತಿರುಗ್ಸಿ ತಲೆ ಕೆಡ್ಸಿದೀರಿ ಇದ್ರದ್ದು." ಆಮೇಲೆ ಕೆಳಗಿನ ಸ್ಕ್ರೂವನ್ನು ನನ್ನ ಕೈಗೆ ಕೊಟ್ಟರು. ಅದರ ತುದಿ ಸೂಜಿಯ ಹಾಗೆ ಚೂಪಾಗಿತ್ತು. "ಹಾಕು. ಮೆಲ್ಲಗೆ. ಜೋರ್ ನಕ್ಕೋ, ಜೋರ್ ಮಾಡಿದ್ರೆ ಸೂಜಿ ಹಾಳು. ಕೂತ್ಕೊಳ್ತು ಅಂತ ಬೆರಳಿಗೆ ಗೊತ್ತಾಗುತ್ತೆ, ಅಲ್ಲಿಗೆ ಬಿಡು. ಈಗ ಒಂದೂವರೆ ಸುತ್ತು ವಾಪಸ್. ಅಷ್ಟೇ. ಇದು ಊರ ಬಾಗಿಲು, ಮನೆ ಅಲ್ಲ."

"ಮನೆ ಎಲ್ಲಿ ಅಂತ ಹೆಂಗೆ ಗೊತ್ತಾಗುತ್ತೆ?"

ಅವರು ಪಕ್ಕದ ಸ್ಕೂಟರು ಸ್ಟಾರ್ಟ್ ಮಾಡಿ ಅದರ ಕಾರ್ಬೊರೇಟರಿನ ಸ್ಕ್ರೂ ತೋರಿಸಿದರು. "ಇಂಜಿನ್ ಬಿಸಿ ಆಗೋವರ್ಗೂ ಮುಟ್ಬೇಡ. ಆಮೇಲೆ ಒಳಗೆ ತಿರುಗ್ಸು, ಸ್ವಲ್ಪ ಸ್ವಲ್ಪ. ಹಸಿವಾದೋನ ಥರ ಸೊರಗುತ್ತೆ. ಆ ಜಾಗ ನೆನಪಿಟ್ಕೋ. ಈಗ ಹೊರಗೆ ತಿರುಗ್ಸು. ಕೇಳು, ಜಾಸ್ತಿ ತಿಂದೋನ ಥರ ಗುಡುಗುಡು ಅಂತಿದೆಯಾ? ಅದೂ ನೆನಪಿಟ್ಕೋ. ಎರಡಕ್ಕೂ ಮಧ್ಯ ಬಾ. ಕಣ್ಣಲ್ಲಿ ನೋಡ್ಬೇಡ, ಕಿವೀಲಿ ನೋಡು."

ನನ್ನ ಕೈಯಲ್ಲೇ ಮೂರು ಸಲ ಮಾಡಿಸಿದರು. ಮೂರನೇ ಸಲಕ್ಕೆ ನನ್ನ ಕಿವಿಗೆ ಆ ಮಧ್ಯದ ಜಾಗ ಸಿಕ್ಕಿತು. ಶ್ರುತಿಪೆಟ್ಟಿಗೆಗೆ ದನಿ ಕೂಡಿದಾಗ ಒಂದು ಬಗೆಯ ನೆಮ್ಮದಿ ಆಗುತ್ತದಲ್ಲ, ಅಂಥದ್ದು.

ಶುಕ್ರವಾರ ಬೆಳಗಾಗುತ್ತಲೇ ಜೋಡಿಸಿ, ಒಂದೂವರೆ ಸುತ್ತು ಬಿಚ್ಚಿ, ಹಗ್ಗ ಜಗ್ಗಿದೆ. ಹೊತ್ತಿಕೊಂಡಿತು. ಅಪ್ಪನ ಮುಖ ಅರಳಿತು. ಬಿಸಿಯಾಗಲಿ ಎಂದು ಕಾದೆ. ಬಿಸಿಯಾಯಿತು, ಕೆಮ್ಮಿತು, ನಿಂತಿತು. ಪೆಟ್ರೋಲ್ ಮುಗಿಯಿತೇನೋ ಎಂದು ಅಪ್ಪ ಟ್ಯಾಂಕಿನ ಮುಚ್ಚಳ ತಿರುಗಿಸಿದ. "ಶ್" ಎಂದು ಸಣ್ಣ ಸದ್ದು ಬಂತು. ಪೆಟ್ರೋಲ್ ಮುಕ್ಕಾಲು ಇತ್ತು. ಮುಚ್ಚಿ ಜಗ್ಗಿದರೆ ಮತ್ತೆ ಶುರುವಾಯಿತು, ಮತ್ತೆ ಐದೇ ನಿಮಿಷಕ್ಕೆ ನಿಂತಿತು. ನನಗೆ ಕಾಲೇಜಿಗೆ ಹೊತ್ತಾಯಿತು. ಅಪ್ಪ ಕುಡುಗೋಲು ಹಿಡಿದು ಲಾನಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತದ್ದನ್ನು ನೋಡಿಕೊಂಡೇ ಗೇಟು ದಾಟಿದೆ. ಆ ಲಾನನ್ನು ಕುಡುಗೋಲಿನಲ್ಲಿ ಕೊಯ್ಯಲು ನಾಲ್ಕಾಳು ನಾಲ್ಕು ದಿನ ಬೇಕು.

ಅವತ್ತು ಕೆಮಿಸ್ಟ್ರಿ ಪ್ರಾಕ್ಟಿಕಲ್ಲು. ಪಿಪೆಟ್ಟಿನಲ್ಲಿ ಆಸಿಡ್ ಎಳೆದು, ಗಾಜಿನ ನಳಿಗೆಯ ಮೇಲಿನ ತುದಿಗೆ ಬೆರಳು ಒತ್ತಿ ಹಿಡಿದೆ. ಕೆಳಗಿನ ತುದಿ ತೆರೆದಿದ್ದರೂ ಒಂದು ತೊಟ್ಟು ಬೀಳಲಿಲ್ಲ. ಬೀಳುವುದಿಲ್ಲ ಎಂದು ನನಗೆ ಮೂರು ವರ್ಷದಿಂದ ಗೊತ್ತು. ಬೆರಳು ಸಡಿಲಿಸಿದೆ, ಆಸಿಡ್ ಇಳಿಯಿತು. ಮತ್ತೆ ಒತ್ತಿದೆ, ನಿಂತಿತು. ಸಡಿಲಿಸಿದೆ, ಇಳಿಯಿತು.

"ಏನ್ರೀ, ಆಟ ಆಡ್ತಿದೀರಾ?" ಎಂದರು ಮೇಷ್ಟ್ರು.

ಬೆಳಿಗ್ಗೆ ಕೇಳಿದ "ಶ್" ನನ್ನ ಕಿವಿಯಲ್ಲಿತ್ತು. ಮೇಲಿನಿಂದ ಗಾಳಿ ಹೋಗದಿದ್ದರೆ ಕೆಳಗೆ ಪೆಟ್ರೋಲ್ ಇಳಿಯುವುದು ಹೇಗೆ? ಟ್ಯಾಂಕಿಗೆ ಗಾಳಿ ಹೋಗುವ ದಾರಿ ಯಾವುದು?

ರೀಡಿಂಗ್ ಬರೆದುಕೊಟ್ಟು, ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದೆ. ನಡೆದೆ ಅನ್ನುವುದಕ್ಕಿಂತ ಓಡಿದೆ. ಶೆಡ್ಡಿನಲ್ಲಿ ಮಿಷನ್ನು ಹಣೆಗೆ ಗಂಧ ಬಳಿದುಕೊಂಡು ಹಾಗೇ ನಿಂತಿತ್ತು. ಗಂಧ ಒಣಗಿ ಗಾರೆಯ ಹಾಗಾಗಿತ್ತು. ಸೇವಂತಿಗೆಯ ಎಸಳು ಕಂದುಬಣ್ಣಕ್ಕೆ ತಿರುಗಿ ಅದರೊಳಗೇ ಸೇರಿಹೋಗಿತ್ತು.

"ಅತ್ತೆ, ಒಂದು ಪಿನ್ನು ಕೊಡು."

ಅತ್ತೆ ಹೆಗಲಿನ ಸೆರಗಿನಿಂದ ಸೇಫ್ಟಿ ಪಿನ್ನು ಬಿಚ್ಚಿ ಕೊಟ್ಟಳು. ಉಗುರಿನಿಂದ ಗಂಧ ಕೆರೆದೆ. ಕೆಳಗೆ, ಮುಚ್ಚಳದ ನಟ್ಟನಡುವೆ, ಸಾಸಿವೆ ಕಾಳು ಹಿಡಿಸುವಷ್ಟು ತೂತು. ಪಿನ್ನು ಚುಚ್ಚಿ ತಿರುವಿದಾಗ ಕೆಂಪು ಪುಡಿ ಉದುರಿತು.

ಮೂರು ದಿನದ ಹೆದರಿಕೆಯೆಲ್ಲ ಒಂದೇ ಸಲ ಬಾಯಿಗೆ ಬಂತು. "ಬೇಕಂತ್ಲೇ ಮಾಡಿದ್ಯಾ? ನಾನು ಓದು ಬಿಟ್ಟು ಊರಿಗೆ ಬರ್ಲಿ ಅಂತ್ಲೇ ಮುಚ್ಚಿದ್ಯಾ?"

ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. ನನ್ನ ಅಂಗೈಯಲ್ಲಿದ್ದ ಪುಡಿಯನ್ನು ನೋಡಿದಳು, ಮುಚ್ಚಳ ನೋಡಿದಳು. "ದೇವ್ರ ಗಂಧ ಮಿಷನ್ನು ನಿಲ್ಲಿಸ್ತದಾ?"

"ಇದು ಗಾಳಿ ಹೋಗೋ ತೂತು. ಇದನ್ನ ಮುಚ್ಚಿದ್ರೆ ಪೆಟ್ರೋಲ್ ಇಳಿಯಲ್ಲ."

ಶೆಡ್ಡಿನ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನಂಗೇನೇ ಗೊತ್ತು ಅದು ಉಸಿರಾಡ್ತದೆ ಅಂತ," ಎಂದಳು. "ಕುಡುಗೋಲಿಗೆ ಒಂದು ಬೆರಳು ಹಚ್ಚಿದ್ದೆ. ಇದಕ್ಕೆ ಮೂರು ಬೆರಳು ಹಚ್ಚಿದ್ದು ಯಾಕೆ ಹೇಳು. ಇದು ಓಡಿದ್ರೆ ತಾನೇ ನೀನು ಕಾಲೇಜಿಗೆ ಹೋಗೋದು."

ತಪ್ಪಾಯ್ತು ಎಂದು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಪಿನ್ನನ್ನು ಸೆರಗಿಗೆ ಒರೆಸಿ ಅವಳ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ, "ಇಟ್ಕೋ, ಮತ್ತೆ ಬೇಕಾಯ್ತದೆ," ಎಂದಳು.

ಹೊರಗೆ ಇನ್ನೂ ಬಿಸಿಲಿತ್ತು. ಅಪ್ಪನನ್ನು ಕರೆದೆ. ಹಗ್ಗ ಸುತ್ತಿ ಜಗ್ಗಿದೆ. ಐದು ನಿಮಿಷ ಕಳೆಯಿತು, ಹತ್ತಾಯಿತು, ನಿಲ್ಲಲಿಲ್ಲ. ಆದರೆ ಓಟ ಸರಿಯಿರಲಿಲ್ಲ, ಕುಂಟುತ್ತಿತ್ತು. ಈಗ ಸಾಬರು ಹೇಳಿದ ಕೆಲಸ. ಜಲ್ಲಿಯ ಮೇಲೆ ಗೋಣಿ ಹಾಸಿಕೊಂಡು ಮಗ್ಗುಲಾಗಿ ಮಲಗಿ ಸ್ಕ್ರೂಡ್ರೈವರ್ ಹಚ್ಚಿದೆ. ಒಳಗೆ ಒಂದಿಷ್ಟು. ಇನ್ನೊಂದಿಷ್ಟು. ಸದ್ದು ತೆಳ್ಳಗಾಗಿ ಸೊರಗಿತು. ಆ ಜಾಗ ನೆನಪಿಟ್ಟೆ. ಹೊರಗೆ ತಿರುಗಿಸುತ್ತಾ ಬಂದೆ, ಸದ್ದು ತುಂಬಿಕೊಂಡಿತು, ತುಂಬಿ ಹೆಚ್ಚಾಗಿ ಗುಡುಗುಡು ಅಂದಿತು, ಹೊಗೆ ಕಪ್ಪಾಯಿತು. ಅದನ್ನೂ ನೆನಪಿಟ್ಟೆ. ಕಣ್ಣು ಮುಚ್ಚಿ ಮಧ್ಯಕ್ಕೆ ಬಂದೆ. ಅಪ್ಪ ವೇಗ ಏರಿಸಿದ, ಇಳಿಸಿದ. ಏರಿಸುವಾಗ ಒಂದು ಚೂರು ತಡವರಿಸಿತು, ಕೂದಲೆಳೆಯಷ್ಟು ಬಿಚ್ಚಿದೆ. ಆಮೇಲೆ ಪಕ್ಕದ ಸ್ಕ್ರೂ ಹಿಡಿದು, ಸುಮ್ಮನೆ ನಿಂತಾಗಲೂ ಆರದಂತೆ, ಓಡಲು ಆತುರಪಡದಂತೆ ನಿಲ್ಲಿಸಿದೆ.

"ಸಾಕಾ ಅಪ್ಪ?"

ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡ. "ಯಜಮಾನ್ರು ಇದ್ದಾಗ ಹಿಂಗೇ ಓಡ್ತಿತ್ತು," ಎಂದ. ನಿಲ್ಲಿಸಿ ಎಣಿಸಿ ನೋಡಿದೆ. ಒಂದೂವರೆ ಸುತ್ತಿಗೆ ಸ್ವಲ್ಪ ಕಡಿಮೆ. ಅತ್ತೆಯ ಕುಂಕುಮದಿಂದಲೇ ಸ್ಕ್ರೂವಿನ ಪಕ್ಕ ಒಂದು ಗುರುತು ಹಾಕಿದೆ, ತೂತಿಲ್ಲದ ಕಡೆ.

ಶನಿವಾರ ಬೆಳಿಗ್ಗೆ ಕಾಫಿಯ ಹೊತ್ತಿಗೆ ಶುರುಮಾಡಿ ಹನ್ನೊಂದಕ್ಕೆ ಮುಗಿಸಿದೆವು. ಎರಡು ಸಲ ಅಡ್ಡ, ಒಂದು ಸಲ ಉದ್ದ. ಅಮ್ಮಾವ್ರು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಆ ತುದಿಯವರೆಗೂ ನಡೆದು ಬಂದರು. "ಗುಡ್," ಎಂದರು, ಅಷ್ಟೇ. ಕಂಟ್ರಾಕ್ಟರನ ಮಾತು ಆಮೇಲೆ ಎತ್ತಲಿಲ್ಲ. ಭಾನುವಾರ ರಿಸೆಪ್ಷನ್ನಿನ ಕೇಕಿನಲ್ಲಿ ನಮ್ಮ ಮೂವರಿಗೂ ಪಾಲು ಬಂತು. ದೀಪಾವಳಿ ಕಳೆಯಿತು. ರಾಗಿ ಮಿಲ್ಲಿನ ಮಾತು ಬರಲಿಲ್ಲ. ಆದರೆ ಆಗುವ ಮಾತಲ್ಲ ಅನ್ನುವುದನ್ನು ಅತ್ತೆ ಬಿಟ್ಟಳು ಎಂದುಕೊಳ್ಳಬೇಡಿ. ಏಪ್ರಿಲ್ಲಿನ ಪರೀಕ್ಷೆಗೆ ಹೊರಟಾಗಲೂ ಹಾಲಿನವನ ಮುಂದೆ, "ಹೋಗ್ತಾ ಅವಳೆ, ನೋಡಾಣ," ಎಂದಳು. ನೋಡಾಣ ಅನ್ನುವಷ್ಟಕ್ಕೆ ಇಳಿದಿದ್ದಳು ಅಂತ ನನಗೆ ಸಮಾಧಾನ.

ಪಾಸಾದೆ. ಸೆಕೆಂಡ್ ಕ್ಲಾಸು. ಅದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ, ಹುಲ್ಲು ಕತ್ತರಿಸಿ ತೆಗೆದುಕೊಂಡ ಸೆಕೆಂಡ್ ಕ್ಲಾಸು ಅದು. ಘಟಿಕೋತ್ಸವಕ್ಕೆ ಅಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದ, ಹಿಂದಿನ ಸಾಲಿನಲ್ಲಿ ನಿಂತೇ ಇದ್ದ. ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ. ಅತ್ತೆ ಬರಲಿಲ್ಲ. ಮನೆಯಲ್ಲಿ ಕೆಲಸ ಇದೆ ಎಂದಳು. ನಮ್ಮ ಎರಡು ಕೋಣೆಯ ಮನೆಯಲ್ಲಿ ಏನು ಕೆಲಸವೋ.

ಸಂಜೆ ಗೇಟು ದಾಟಿ ಬಂದಾಗ ಔಟ್‌ಹೌಸಿನ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಆಯುಧಪೂಜೆಯ ಅದೇ ಹಿತ್ತಾಳೆ ಬಟ್ಟಲು, ಅದರ ತುಂಬ ಆಗ ತಾನೇ ತೇದ ಗಂಧ. ನಾನು ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಬಟ್ಟಲನ್ನು ನೆಲಕ್ಕಿಟ್ಟು, ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಒಂದಕ್ಷರವೂ ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ಸಾವಕಾಶವಾಗಿ ನೋಡಿದಳು, ತಿರುಗಿಸಿ ಹಿಂದೆಯೂ ನೋಡಿದಳು. ಆಮೇಲೆ ಗಂಧಕ್ಕೆ ಒಂದೇ ಒಂದು ಬೆರಳು ಅದ್ದಿ, ಕಾಗದದ ಮೇಲೆ ಗಾಳಿಯಲ್ಲೇ ಹಿಡಿದು ನನ್ನ ಮುಖ ನೋಡಿದಳು.

"ಇದು ಎಲ್ಲಿಂದ ಉಸಿರಾಡ್ತದೆ, ಮೊದ್ಲೇ ಹೇಳ್ಬುಡು ಕಣವ್ವ."